ಗೋಡೆ ನೆಟ್ಟಗಿದೆ, ಫೋಟೋದಲ್ಲಿ ಬಾಗಿದೆ. ತಪ್ಪು ಮೇಸ್ತ್ರಿದಾ, ಲೆನ್ಸಿಂದಾ?

ಹಾಸನದ ಪುಟ್ಟ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೋದ ವಾರ ಅಕ್ಕನ ಮನೆ ಗೃಹಪ್ರವೇಶ ಇತ್ತು. ಕ್ಯಾಮೆರಾ ಇರುವವನು ನಾನೊಬ್ಬನೇ, ಹಾಗಾಗಿ ಫೋಟೋ ಕೆಲಸ ನನ್ನ ತಲೆಗೆ ಬಂತು. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಕಿಟ್ ಲೆನ್ಸ್. ಮನೆ ಮುಂದಿನ ರಸ್ತೆ ಕಿರಿದು. ಎದುರು ಮನೆ ಕಾಂಪೌಂಡಿಗೆ ಬೆನ್ನು ಒತ್ತಿಕೊಂಡು, ಝೂಮ್ 18ಕ್ಕೆ ಇಟ್ಟು (ಅಂಕಿ ಸಣ್ಣದಾದಷ್ಟೂ ಅಗಲ ಜಾಸ್ತಿ ಕಾಣುತ್ತದೆ), ಮನೆ ಪೂರ್ತಿ ಬರುವ ಹಾಗೆ ತೆಗೆದೆ.

ಫೋಟೋ ನೋಡಿದ ಭಾವನ ಮುಖ ಸಪ್ಪಗಾಯಿತು. ಮೇಲಿನ ಸಜ್ಜಾ ನಡುವೆ ಉಬ್ಬಿ ಬಿಲ್ಲಿನ ಹಾಗೆ ಕಾಣುತ್ತಿದೆ. ಕೆಳಗೆ ಕಾಂಪೌಂಡ್ ಗೋಡೆ ನಡುವೆ ಜೋತು ಬಿದ್ದಿದೆ. ಎರಡೂ ಬದಿಯ ಕಂಬಗಳು ಹೊರಗೆ ಹೊಟ್ಟೆ ಬಿಟ್ಟಿವೆ. ಭಾವ ತಕ್ಷಣ ಮೇಸ್ತ್ರಿಗೆ ಫೋನ್ ಹಚ್ಚಿದರು. ಸೋಮವಾರ ಮೇಸ್ತ್ರಿ ತೂಗುಗುಂಡು, ರಸಮಟ್ಟ ಎರಡೂ ತಂದು ಎಲ್ಲರ ಎದುರು ಹಿಡಿದು ತೋರಿಸಿದರು. ಗುಳ್ಳೆ ಸರಿಯಾಗಿ ನಡುವೆ ನಿಂತಿತು. "ಗೋಡೆ ಸರಿ ಇದೆ ಸಾರ್, ನಿಮ್ಮ ಡಬ್ಬಿ ಸರಿ ಇಲ್ಲ" ಅಂತ ಹೇಳಿ ಹೋದರು. ಭಾವ ಕೊನೆ ಕಂತು 20 ಸಾವಿರ ಇನ್ನೂ ಕೊಟ್ಟಿಲ್ಲ. "ಫೋಟೋ ಸುಳ್ಳು ಹೇಳುತ್ತಾ?" ಅನ್ನುತ್ತಾರೆ.

ಲೆನ್ಸ್ ಕೆಟ್ಟಿದೆಯಾ? ಮಾರಿದವನು ಟೋಪಿ ಹಾಕಿದನಾ? ಆದರೆ ಅದೇ ಲೆನ್ಸನ್ನು 35ಕ್ಕೆ ಇಟ್ಟು ತೆಗೆದ ಹಾಲ್ ಫೋಟೋ ನೆಟ್ಟಗೆ ಬಂದಿದೆ. ಇದೇ ಅರ್ಥ ಆಗುತ್ತಿಲ್ಲ.

ಇನ್ನೊಂದು ಗೋಳು. ಜಾಗ ಸಾಲದೆ ಗ್ರೂಪ್ ಫೋಟೋ ಫೋನಿನ 0.5ರಲ್ಲಿ, ಅಂದರೆ ಅತಿ ಅಗಲದ ಲೆನ್ಸಿನಲ್ಲಿ ತೆಗೆದೆ. ತುದಿಯಲ್ಲಿ ನಿಂತಿದ್ದ ಸೋದರತ್ತೆ ಎರಡಾಳು ಅಗಲ ಬಂದಿದ್ದಾರೆ. ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಗುಂಡುಸೂಜಿ · 9:46

ಮೊದಲು ಮೇಸ್ತ್ರಿ ದುಡ್ಡು ಕೊಡಿಸಿ. ಆಮೇಲೆ ಲೆನ್ಸ್ ಮಾತು.

ಕತ್ತಲೆಕೋಣೆ · 10:05

ಲೆನ್ಸ್ ಕೆಟ್ಟಿಲ್ಲ ಪುಟ್ಟ. ಯಾರೂ ಟೋಪಿ ಹಾಕಿಲ್ಲ. ಇದಕ್ಕೆ ಬ್ಯಾರೆಲ್ ಡಿಸ್ಟಾರ್ಷನ್ ಅಂತಾರೆ. ಬ್ಯಾರೆಲ್ ಅಂದರೆ ಪೀಪಾಯಿ. ನಾನು ಮಕ್ಕಳಿಗೆ ಹೇಳುವಾಗ ಮದ್ದಳೆ ಅನ್ನುತ್ತೇನೆ, ನಡು ಉಬ್ಬಿರುತ್ತದಲ್ಲ, ಹಾಗೆ. ಇದರ ಉಲ್ಟಾ ಪಿನ್‌ಕುಶನ್. ಅದು ಬುಡುಬುಡಿಕೆ, ನಡು ಒಳಗೆ ಹೋಗಿರುತ್ತದೆ. ಝೂಮ್ ಲೆನ್ಸಿನಲ್ಲಿ ಅಗಲದ ತುದಿಯಲ್ಲಿ ಮದ್ದಳೆ, ದೂರದ ತುದಿಯಲ್ಲಿ ಬುಡುಬುಡಿಕೆ ಬರುವುದು ಮಾಮೂಲು. ಮಧ್ಯೆ ಎಲ್ಲೋ ಒಂದು ಕಡೆ ಎರಡೂ ಸಮ ಆಗಿ ಗೆರೆ ನೆಟ್ಟಗಾಗುತ್ತದೆ. ನಿಮ್ಮ 35 ಆ ಜಾಗದ ಹತ್ತಿರ ಇರಬೇಕು.

ಫೋಟೋದಲ್ಲಿ ಮನೆ ಬಾಗಿಲು ನೋಡಿದಿರಾ? ಚೌಕಟ್ಟು ನೆಟ್ಟಗೇ ಬಂದಿರುತ್ತದೆ, ಯಾಕೆಂದರೆ ಅದು ನಡುವೆ ಇದೆ. ಚಿತ್ರದ ನಡುಬಿಂದು ದಾಟಿ ಹೋಗುವ ಗೆರೆ ಬಾಗುವುದಿಲ್ಲ. ಅಲ್ಲಿಂದ ದೂರ ಹೋದಷ್ಟೂ ಕಾಟ ಜಾಸ್ತಿ. ಲೆಕ್ಕದಲ್ಲಿ ಹೇಳಬೇಕಂದರೆ ದೂರ ಎರಡು ಪಟ್ಟಾದರೆ ಚುಕ್ಕಿ ಜಾರುವುದು ಸುಮಾರು ಎಂಟು ಪಟ್ಟು. ಅದಕ್ಕೇ ನಡುವಿನಲ್ಲಿ ಏನೂ ಗೊತ್ತಾಗಲ್ಲ, ಅಂಚಿನಲ್ಲಿ ಒಮ್ಮೆಲೇ ಗಾಬರಿ.

ಪ್ರೊ ಕ್ಲಿಕ್ಸ್ · 10:11

ಅಗ್ಗದ ಲೆನ್ಸ್ ಹಾಗೇ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ತೂತು) ಎಫ್8 ಅಥವಾ ಎಫ್11ಕ್ಕೆ ಕಿರಿದು ಮಾಡಿ ಇಡಿ, ಎಲ್ಲಾ ಸರಿ ಹೋಗುತ್ತೆ.

ಕತ್ತಲೆಕೋಣೆ · 10:19

@ಪ್ರೊ ಕ್ಲಿಕ್ಸ್ ಇಲ್ಲ ಸಾರ್. ಇದೊಂದಕ್ಕೆ ಆ ಮದ್ದು ಕೆಲಸ ಮಾಡಲ್ಲ. ಜರ್ಮನಿಯ ವಿಜ್ಞಾನಿ ಸೈಡಲ್ ಲೆನ್ಸಿನ ಐದು ದೋಷಗಳನ್ನು 1850ರ ದಶಕದಲ್ಲೇ ಲೆಕ್ಕ ಹಾಕಿ ಬಿಡಿಸಿಟ್ಟ. ನಾಲ್ಕು ದೋಷ ಚಿತ್ರವನ್ನು ಮಬ್ಬು ಮಾಡುತ್ತವೆ. ಐದನೆಯದು ಈ ಡಿಸ್ಟಾರ್ಷನ್. ಇದು ಮಬ್ಬು ಮಾಡಲ್ಲ. ಚುಕ್ಕಿ ಚುಕ್ಕಿಯಾಗಿಯೇ ಇರುತ್ತದೆ, ಕೂತಿರುವ ಜಾಗ ಮಾತ್ರ ತಪ್ಪು. ಅಪರ್ಚರ್ ಕಿರಿದು ಮಾಡಿದರೆ ಮಬ್ಬು ಕಡಿಮೆ ಆಗಬಹುದು, ಜಾಗ ಬದಲಾಗಲ್ಲ. ಪುಟ್ಟನ ಫೋಟೋದಲ್ಲಿ ಸಜ್ಜಾ ಬಾಗಿದ್ದರೂ ಅಂಚು ಚೂಪಾಗಿಯೇ ಇರುತ್ತದೆ ನೋಡಿ.

ಪ್ರೊ ಕ್ಲಿಕ್ಸ್ · 10:24

ಹಬಲ್ ಟೆಲಿಸ್ಕೋಪಿಗೂ ಡಿಸ್ಟಾರ್ಷನ್ ಇತ್ತು, ಆಮೇಲೆ ರಿಪೇರಿ ಮಾಡಿದರು. ನಾಸಾದವರಿಗೇ ಆಗಿದೆ, ಸುಮ್ನೆ ಪುಸ್ತಕ ಓದಿ ಹೇಳಬೇಡಿ.

ಆಕಾಶಬುಟ್ಟಿ · 10:32

ಹಬಲ್‌ದು ಬೇರೆ ಕಥೆ. 1990ರಲ್ಲಿ ಹಾರಿಸಿದ ಮೇಲೆ ಗೊತ್ತಾಯಿತು, ದೊಡ್ಡ ಕನ್ನಡಿಯ ಅಂಚನ್ನು ಸುಮಾರು 2 ಮೈಕ್ರಾನ್ ಜಾಸ್ತಿ ಸವೆಸಿಬಿಟ್ಟಿದ್ದರು. ತಲೆಕೂದಲಿನ ದಪ್ಪದಲ್ಲಿ ಒಂದು ಚೂರು. ಅಷ್ಟಕ್ಕೇ ನಕ್ಷತ್ರಗಳು ಮಬ್ಬು. ಆ ದೋಷದ ಹೆಸರು ಸ್ಫೆರಿಕಲ್ ಅಬರೇಷನ್, ಮೇಲೆ ಹೇಳಿದ ನಾಲ್ಕರಲ್ಲಿ ಒಂದು. 1993ರಲ್ಲಿ ಹೋಗಿ ಕನ್ನಡಕ ಹಾಕಿದ ಹಾಗೆ ಸರಿ ಮಾಡಿದರು. ಪುಟ್ಟನ ಭಾವನ ಸಜ್ಜಾಗೂ ಅದಕ್ಕೂ ಸಂಬಂಧ ಇಲ್ಲ.

ಗುಂಡುಸೂಜಿ · 10:33

ಹಾಸನದ ಸಜ್ಜಾದಿಂದ ಹಬಲ್‌ವರೆಗೆ 53 ನಿಮಿಷ. ಈ ಗುಂಪಿಗೆ ಇದು ತಡವೇ.

ಗುಮ್ಮಟನಗರಿ · 10:50

ನಮ್ಮ ವಿಜಯಪುರದ ಗೋಲಗುಮ್ಮಟಕ್ಕೂ ಇದೇ ಕಾಟ ರೀ. ಎದುರು ನಿಂತು ಫೋನ್ ಎತ್ತಿ ತೆಗೆದರೆ ನಾಲ್ಕು ಮೂಲೆ ಮಿನಾರುಗಳೂ ಒಳಗೆ ವಾಲಿಕೊಂಡು ಗುಮ್ಮಟಕ್ಕೆ ಕೈಮುಗಿದ ಹಾಗೆ ಕಾಣುತ್ತವೆ. 1656ರಿಂದ ನೆಟ್ಟಗೆ ನಿಂತಿರೋ ಕಟ್ಟಡ. ಇದೂ ಬ್ಯಾರೆಲ್ಲಾ?

ಕತ್ತಲೆಕೋಣೆ · 11:02

ಅಲ್ಲ, ಮತ್ತೆ ಎಲ್ಲರೂ ಇಲ್ಲೇ ಎಡವೋದು. ನಿಮ್ಮ ಮಿನಾರಿನ ಅಂಚಿಗೆ ಒಂದು ಸ್ಕೇಲ್ ಇಟ್ಟು ನೋಡಿ. ಗೆರೆ ನೆಟ್ಟಗೇ ಇರುತ್ತದೆ, ವಾಲಿರುತ್ತದೆ ಅಷ್ಟೇ. ಪುಟ್ಟನ ಕಂಬ ವಾಲಿಲ್ಲ, ಬಾಗಿದೆ. ಬಾಗಿದರೆ ಲೆನ್ಸಿನ ಕೆಲಸ. ವಾಲಿದರೆ ನೀವು ಕ್ಯಾಮೆರಾ ಮೇಲಕ್ಕೆ ಎತ್ತಿದ್ದೀರಿ. ಲೆನ್ಸ್ ಎಷ್ಟು ಲಕ್ಷದ್ದಾದರೂ ವಾಲುತ್ತದೆ, ರೈಲು ಹಳಿ ದೂರದಲ್ಲಿ ಕೂಡುವ ಹಾಗೆ. ಕ್ಯಾಮೆರಾ ನೆಟ್ಟಗೆ ಹಿಡಿಯಿರಿ, ಹಿಂದೆ ಹೋಗಿ, ಕೆಳಗಿನ ಹುಲ್ಲುಹಾಸು ಜಾಸ್ತಿ ಬಂದರೆ ಬರಲಿ, ಆಮೇಲೆ ಕತ್ತರಿಸಿ.

ಗುಮ್ಮಟನಗರಿ · 11:06

ಹಿಂದೆ ಹೋಗೋಕೆ ನಮಗೆ ಬೇಕಾದಷ್ಟು ಜಾಗ ಐತಿ. ಪುಟ್ಟಣ್ಣನ ರಸ್ತೆ ಅಲ್ಲ ಇದು 😀

ಸ್ಟುಡಿಯೋ ಮಾವ · ಭಾನುವಾರ ಬೆಳಿಗ್ಗೆ 6:15

ನಾನು 40 ವರ್ಷ ಸ್ಟುಡಿಯೋ ನಡೆಸಿದವನು. ನಮ್ಮ ಬೆಲ್ಲೋಸ್ (ತಿದಿಯಂಥ ಮಡಿಕೆ ಇರುವ) ಕ್ಯಾಮೆರಾದಲ್ಲಿ ಲೆನ್ಸನ್ನು ಮಾತ್ರ ಮೇಲೆ ಸರಿಸಬಹುದಿತ್ತು, ಕ್ಯಾಮೆರಾ ಎತ್ತಬೇಕಾಗಿರಲಿಲ್ಲ. ಕಟ್ಟಡ ವಾಲುತ್ತಲೇ ಇರಲಿಲ್ಲ. ಆಸ್ತಿ ನಕ್ಷೆ, ಹಳೇ ಪತ್ರ ಕಾಪಿ ಮಾಡಲು ಇಟ್ಟಿದ್ದ ಲೆನ್ಸ್ ಇನ್ನೂ ನನ್ನ ಹತ್ತಿರ ಇದೆ. ಬಿಚ್ಚಿ ನೋಡಿದರೆ ಮುಂದೆ ಹಿಂದೆ ಒಂದೇ ಥರದ ಎರಡು ಗಾಜಿನ ಜೋಡಿ, ನಡುವೆ ಅಪರ್ಚರ್. ಮುಂದಿನ ಜೋಡಿ ಎಷ್ಟು ಬಾಗಿಸುತ್ತೋ ಹಿಂದಿನದು ಅಷ್ಟೇ ಉಲ್ಟಾ ಬಾಗಿಸುತ್ತದೆ. ಲೆಕ್ಕ ಚುಕ್ತಾ. 1866ರಲ್ಲಿ ಲಂಡನ್ನಿನಲ್ಲಿ ಡಾಲ್‌ಮೇಯರ್, ಜರ್ಮನಿಯಲ್ಲಿ ಸ್ಟೈನ್‌ಹೈಲ್, ಇಬ್ಬರೂ ಬೇರೆ ಬೇರೆಯಾಗಿ ಇಂಥ ಲೆನ್ಸ್ ತಂದರು. ಈಗಿನವರು ಗಾಜಿನಲ್ಲಿ ಮಾಡೋ ಕೆಲಸ ಬಿಟ್ಟು ಕಂಪ್ಯೂಟರಿಗೆ ಹೇಳುತ್ತಾರೆ. ಅದು ಮೋಸ.

ಚೌಕುಳಿ ಮಿಸ್ · 7:30

ಮಾವ ಹೇಳಿದ್ದರಲ್ಲಿ ಒಂದು ದೊಡ್ಡ ಗುಟ್ಟಿದೆ. ಅಪರ್ಚರ್ ಎಷ್ಟು ಕಿರಿದು ಅನ್ನೋದಲ್ಲ, ಎಲ್ಲಿ ಕೂತಿದೆ ಅನ್ನೋದು ಮುಖ್ಯ. ಉಬ್ಬು ಗಾಜಿನ ಮುಂದೆ ಕೂತರೆ ಮದ್ದಳೆ, ಹಿಂದೆ ಕೂತರೆ ಬುಡುಬುಡಿಕೆ.

ಮನೆಯಲ್ಲೇ ನೋಡಬಹುದು. ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕ ತೆಗೆಯಿರಿ. ಭೂತಗನ್ನಡಿಯನ್ನು ಹಾಳೆ ಮೇಲೇ ಇಡಿ. ಚೌಕ ಚೌಕವಾಗಿಯೇ ಕಾಣುತ್ತದೆ. ಈಗ ಮೆಲ್ಲಗೆ ಹಾಳೆಯಿಂದ ಮೇಲಕ್ಕೆ ಎತ್ತಿ. ನಡುವಿನ ಚೌಕ ಹಾಗೇ ಇರುತ್ತದೆ, ಅಂಚಿನ ಗೆರೆಗಳು ಒಳಗೆ ಬಾಗಿ ಮೂಲೆಗಳು ಹೊರಗೆ ಚಾಚಿಕೊಳ್ಳುತ್ತವೆ. ಅದೇ ಬುಡುಬುಡಿಕೆ. ನಿಮ್ಮ ಕಣ್ಣಿನ ಪಾಪೆಯೇ ಅಪರ್ಚರ್, ಅದು ಗಾಜಿನ ಹಿಂದೆ ಇದೆ. ನನ್ನ 7ನೇ ತರಗತಿ ಮಕ್ಕಳು ಇದನ್ನು ನೋಡಿ "ಮಿಸ್, ಬಲೆ ಎಳೆದ ಹಾಗಿದೆ" ಅಂದರು. ಪಠ್ಯಪುಸ್ತಕಕ್ಕಿಂತ ಚೆನ್ನಾಗಿತ್ತು.

ದಪ್ಪ ಕನ್ನಡಕ · 8:02

ವಿಷಯ ಬೇರೆ, ಬೇಜಾರು ಮಾಡಬೇಡಿ. ನನಗೆ ಮೈನಸ್ 7. ಹೊಸ ಕನ್ನಡಕ ಹಾಕಿದ ದಿನ ಬಾಗಿಲ ಚೌಕಟ್ಟು ಹೊಟ್ಟೆ ಬಿಟ್ಟಿತ್ತು, ನೆಲ ಬಟ್ಟಲಿನ ಹಾಗೆ. ಒಂದು ವಾರದಲ್ಲಿ ಎಲ್ಲಾ ಸರಿ ಹೋಯಿತು. ಇದೂ ಅದೇನಾ?

ಚೌಕುಳಿ ಮಿಸ್ · 8:15

ವಿಷಯ ಬೇರೆ ಅಲ್ಲವೇ ಅಲ್ಲ! ಮೈನಸ್ ಗಾಜು (ನಡು ತೆಳು, ಉಬ್ಬು ಗಾಜಿನ ಉಲ್ಟಾ), ಹಿಂದೆ ಕಣ್ಣು: ಅದಕ್ಕೆ ಮದ್ದಳೆ. ಪ್ಲಸ್ ಹಾಕುವ ಅಜ್ಜಂದಿರಿಗೆ ಬುಡುಬುಡಿಕೆ. ನಿಮ್ಮ ಮಿದುಳು ಒಂದು ವಾರದಲ್ಲಿ ತಿದ್ದಿಕೊಂಡಿತು, ಚೌಕಟ್ಟು ನೆಟ್ಟಗಿದೆ ಅಂತ ಅದಕ್ಕೆ ಗೊತ್ತು. ಪುಟ್ಟನ ಕ್ಯಾಮೆರಾಗೆ ಗೊತ್ತಿಲ್ಲ.

ಪುಟ್ಟನ ಲೆನ್ಸಿನಲ್ಲೂ ಮುಂದೆ ಮೈನಸ್ ಗುಂಪೇ ಇರುತ್ತದೆ. ಡಿಎಸ್‌ಎಲ್‌ಆರ್ ಒಳಗೆ ಎದ್ದು ಬೀಳುವ ಕನ್ನಡಿ ಇದೆಯಲ್ಲ, ಅದಕ್ಕೆ ಜಾಗ ಬಿಡಬೇಕು. ಲೆನ್ಸ್ ಕೂರುವ ಬಾಯಿಂದ ಸೆನ್ಸರಿಗೆ 44, 46 ಎಂಎಂ ದೂರ. 18 ಎಂಎಂ ಲೆನ್ಸನ್ನು ಅಷ್ಟು ದೂರದಲ್ಲಿ ನಿಲ್ಲಿಸಬೇಕಂದರೆ ಮುಂದೆ ಮೈನಸ್, ಹಿಂದೆ ಪ್ಲಸ್ ಇಡಲೇಬೇಕು. ಮಾವನ ಲೆನ್ಸಿನ ಥರ ಎರಡೂ ಕಡೆ ಸಮ ಇರಲು ಸಾಧ್ಯವಿಲ್ಲ. ಅಂದರೆ ಪುಟ್ಟನ ಕ್ಯಾಮೆರಾ ನಿಮ್ಮ ಥರದ್ದೇ ಕನ್ನಡಕ ಹಾಕಿದೆ.

ಹನಿ ಹಾಕೋರು · 8:40

ನಾನು ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುವವಳು. ಒಂದು ಮಾತು ಸೇರಿಸುತ್ತೇನೆ. ಹೊಸ ಕನ್ನಡಕ ಹಾಕಿದಾಗ ಅಂಚು ಬಾಗಿದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಆದರೆ ಕನ್ನಡಕ ಬದಲಾಯಿಸದೆ, ಒಂದೇ ಕಣ್ಣಿನಲ್ಲಿ, ನೋಟದ ನಡುಭಾಗದಲ್ಲೇ ಗೆರೆ ಅಲೆಅಲೆಯಾಗಿ ಕಂಡರೆ ಅದು ಗಾಜಿನ ದೋಷ ಅಲ್ಲ. ಕಣ್ಣಿನ ಹಿಂಭಾಗದ ಪರದೆಯ ತೊಂದರೆ ಇರಬಹುದು. ನಾಳೆ ನೋಡೋಣ ಅನ್ನದೆ ವೈದ್ಯರ ಹತ್ತಿರ ಹೋಗಿ. ನಾವು ಕೊಡುವ ಪರೀಕ್ಷೆಯ ಹಾಳೆಯೂ ಚೌಕುಳಿಯದೇ. ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕಿ ನೋಡಬೇಕು.

ಹೊಲದ ಹದ್ದು · 9:20

ನಾನು ಡ್ರೋನ್ ಸರ್ವೆ ಮಾಡುತ್ತೇನೆ. ಮಾವ ಮೋಸ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ನಮ್ಮ ಕೆಲಸದಲ್ಲಿ ಡಿಸ್ಟಾರ್ಷನ್ ಲೆಕ್ಕ ತಪ್ಪಾದರೆ ಸಪಾಟು ಹೊಲ ಬಾಣಲೆಯ ಹಾಗೆ ತಗ್ಗಾಗಿ ಬರುತ್ತದೆ, ಇಲ್ಲಾ ದಿಬ್ಬವಾಗಿ. ಒಂದೊಂದು ಫೋಟೋದಲ್ಲಿ ಕಾಣದ ತಪ್ಪು ನೂರಾರು ಜೋಡಿಸಿದಾಗ ಸೇರಿಕೊಂಡು ದೊಡ್ಡದಾಗುತ್ತದೆ. ಹಾಗಾಗಿ ಲೆನ್ಸ್ ಪರಿಪೂರ್ಣ ಇರಲಿ ಅಂತ ನಾವು ಕೇಳುವುದಿಲ್ಲ. ಎಷ್ಟು ತಪ್ಪುತ್ತದೆ ಅಂತ ಗೊತ್ತಿದ್ದರೆ ಸಾಕು.

ಅದನ್ನು ಹೇಗೆ ತಿಳಿಯುವುದು? ಪುಟ್ಟನ ಮೇಸ್ತ್ರಿಯ ಹತ್ತಿರ ಉಪಕರಣ ಇದೆ! ಅಮೆರಿಕದ ಡ್ವೇನ್ ಬ್ರೌನ್ 1971ರಲ್ಲಿ ಬರೆದ ಕ್ರಮ ತೂಗುಗುಂಡಿನದೇ. ಸಾಲಾಗಿ ದಾರ ಇಳಿಬಿಟ್ಟು ಫೋಟೋ ತೆಗೆಯುವುದು. ತೂಕ ಕಟ್ಟಿದ ದಾರ ನೆಟ್ಟಗಿರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಫೋಟೋದಲ್ಲಿ ದಾರ ಎಷ್ಟು ಬಾಗಿತೋ ಅಷ್ಟೂ ಲೆನ್ಸಿನ ಪಾಲು. ಇವತ್ತಿಗೂ ಅವರ ಸಮೀಕರಣವೇ ನಮ್ಮ ಸಾಫ್ಟ್‌ವೇರಿನಲ್ಲಿ ಓಡುತ್ತಿದೆ.

ಪುಟ್ಟ, ಸಜ್ಜಾದಿಂದ ಒಂದು ದಾರ ಇಳಿಬಿಡಿ, ಗುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಗಾಳಿಗೆ ತೂಗಾಡುವುದು ಕಡಿಮೆ ಆಗುತ್ತದೆ.

ಕತ್ತಲೆಕೋಣೆ · 9:41

ಇನ್ನೂ ಒಂದು ಸುಲಭದ ಪರೀಕ್ಷೆ. ಅಲ್ಲೇ ನಿಂತು, 18ರಲ್ಲೇ, ಮೂರು ಫೋಟೋ ತೆಗೆಯಿರಿ. ಸಜ್ಜಾ ಚಿತ್ರದ ಮೇಲಂಚಿಗೆ ಒಂದು, ನಡುವಿಗೆ ಒಂದು, ಕೆಳಂಚಿಗೆ ಒಂದು. ಮೊದಲನೆಯದರಲ್ಲಿ ಮೇಲಕ್ಕೆ ಬಾಗುತ್ತದೆ, ಎರಡನೆಯದರಲ್ಲಿ ನೆಟ್ಟಗೆ, ಮೂರನೆಯದರಲ್ಲಿ ಕೆಳಕ್ಕೆ ಬಾಗುತ್ತದೆ. ಸಿಮೆಂಟಿನ ಸಜ್ಜಾ ಐದು ನಿಮಿಷದಲ್ಲಿ ಎರಡು ಕಡೆ ಬಾಗುತ್ತಾ ಅಂತ ಭಾವನನ್ನು ಕೇಳಿ.

ಸ್ಟುಡಿಯೋ ಮಾವ · 9:55

@ಹೊಲದ ಹದ್ದು ಸರ್ವೆ ಬೇರೆ, ಫೋಟೋ ಬೇರೆ. ಕಂಪ್ಯೂಟರ್ ತಿದ್ದಿದ ಚಿತ್ರದ ಅಂಚು ಎಳೆದ ದೋಸೆ ಹಿಟ್ಟಿನ ಹಾಗೆ ತೆಳ್ಳಗಾಗಿರುತ್ತದೆ. ನಾನು ನೋಡಿದ್ದೇನೆ.

ಬಿಟ್ಟು ಬೈಟು · 10:10

ಮಾವ ಹೇಳೋದು ಅರ್ಧ ನಿಜ. ಮದ್ದಳೆ ತಿದ್ದುವಾಗ ಮೂಲೆಗಳನ್ನು ಹೊರಗೆ ಎಳೆಯಬೇಕು, ಎಳೆದ ಕಡೆ ವಿವರ ಸ್ವಲ್ಪ ತೆಳುವಾಗುತ್ತದೆ. ಅಂಚಿನಲ್ಲಿ ಒಂದಿಷ್ಟು ಕತ್ತರಿಸಿಯೂ ಹೋಗುತ್ತದೆ. ಆದರೆ ಅದನ್ನು ಗಾಜಿನಲ್ಲೇ ಸರಿ ಮಾಡಲು ಹೋದರೆ ಲೆನ್ಸ್ ದಪ್ಪ, ತೂಕ, ದುಡ್ಡು ಎಲ್ಲಾ ಜಾಸ್ತಿ. 2008ರಲ್ಲಿ ಬಂದ ಮೈಕ್ರೋ ಫೋರ್ ಥರ್ಡ್ಸ್ ಎಂಬ, ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಗಳು ಇದನ್ನು ಮುಚ್ಚುಮರೆ ಇಲ್ಲದೆ ಮಾಡಿದವು. ತಿದ್ದುವ ಲೆಕ್ಕ ಫೈಲಿನೊಳಗೇ ಇರುತ್ತದೆ, ನೀವು ತೆರೆದಾಗ ಸಾಫ್ಟ್‌ವೇರ್ ತಾನಾಗೇ ತಿದ್ದಿ ತೋರಿಸುತ್ತದೆ. ಈಗ ಎಲ್ಲರ ಫೋನೂ ಅದನ್ನೇ ಮಾಡುತ್ತದೆ.

ಪುಟ್ಟ, ನಿಮ್ಮ ಕ್ಯಾಮೆರಾ ಮೆನುವಿನಲ್ಲೂ ಡಿಸ್ಟಾರ್ಷನ್ ಅಂತ ಒಂದು ಸಾಲು ಇರಬಹುದು, ಆನ್ ಮಾಡಿ. ಇಲ್ಲದಿದ್ದರೆ ಡಾರ್ಕ್‌ಟೇಬಲ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪುಕ್ಕಟೆ. ಅದು ಲೆನ್ಸ್‌ಫನ್ ಪಟ್ಟಿಯಿಂದ ನಿಮ್ಮ ಲೆನ್ಸ್ ಹುಡುಕಿ ಸರಿ ಮಾಡುತ್ತದೆ. ಬರೀ ಒಂದು ಸ್ಲೈಡರ್ ಎಳೆದು ತಿದ್ದಲು ಹೋಗಬೇಡಿ. ಕೆಲವು ಲೆನ್ಸಿನಲ್ಲಿ ನಡುವೆ ಮದ್ದಳೆ, ತುದಿಯಲ್ಲಿ ಮತ್ತೆ ಉಲ್ಟಾ ತಿರುಗಿ ಮೀಸೆಯ ಹಾಗೆ ಬರುತ್ತದೆ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ.

ಹಾಸನದ ಪುಟ್ಟ · 10:30

ಸಂಜೆ ದಾರ ಪರೀಕ್ಷೆ ಮಾಡುತ್ತೇನೆ. ಅತ್ತೆ ವಿಷಯ ಯಾರೂ ಮಾತಾಡಲಿಲ್ಲ 😢 ಸಾಫ್ಟ್‌ವೇರ್ ಹಾಕಿದರೆ ಅತ್ತೆ ಸರಿ ಹೋಗುತ್ತಾರಾ?

ಚೌಕುಳಿ ಮಿಸ್ · 10:52

ಅತ್ತೆ ಕೇಸ್ ಮೂರನೆಯದು. ಅವರು ಬಾಗಿಲ್ಲ, ವಾಲಿಲ್ಲ, ಹಿಗ್ಗಿದ್ದಾರೆ. ತಮಾಷೆ ಅಂದರೆ ಅವರನ್ನು ಹಿಗ್ಗಿಸಿದ್ದೇ ಗೆರೆಗಳನ್ನು ನೆಟ್ಟಗೆ ಇಡುವ ಆಸೆ. ಚಕ್ಕೋತದ ಅರ್ಧ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ ಚಪ್ಪಟೆ ಮಾಡಿ ನೋಡಿ. ಎಲ್ಲೋ ಒಂದು ಕಡೆ ಹರಿಯಲೇಬೇಕು ಇಲ್ಲಾ ಹಿಗ್ಗಲೇಬೇಕು. ನೇರ ಗೆರೆ ನೇರವಾಗಿ ಬರಬೇಕು ಅಂದರೆ ಅಂಚಿನ ದುಂಡು ವಸ್ತು ಉದ್ದವಾಗುತ್ತದೆ. ಎಷ್ಟು ಅಂದರೆ, ನಡುವಿನಿಂದ ಆ ವಸ್ತು ಎಷ್ಟು ಕೋನದಲ್ಲಿದೆಯೋ ಅದರ ತ್ರಿಕೋನಮಿತಿಯ ಕಾಸ್‌ನಿಂದ 1ನ್ನು ಭಾಗಿಸಿ. 0.5 ಲೆನ್ಸಿನ ಅಡ್ಡ ಅಂಚು ಸುಮಾರು 53 ಡಿಗ್ರಿ, ಕಾಸ್ 0.6. ಅಂದರೆ ಅತ್ತೆಯ ಮುಖ ಒಂದೂವರೆ ಪಟ್ಟಿಗಿಂತ ಜಾಸ್ತಿ ಅಡ್ಡ ಹಿಗ್ಗಿದೆ. ಫೋನಿನ ಮಾಮೂಲಿ 1ರ ಕ್ಯಾಮೆರಾದಲ್ಲಾದರೆ ಅಂಚಿನಲ್ಲೂ ಕಾಲು ಪಟ್ಟು ದಾಟುತ್ತಿರಲಿಲ್ಲ.

ಅತ್ತೆ ದುಂಡಗೆ ಬರಬೇಕಂದರೆ ಗೋಡೆ ಬಾಗಬೇಕು. ಎರಡೂ ಒಟ್ಟಿಗೆ ಸಿಗಲ್ಲ.

ಆಕಾಶಬುಟ್ಟಿ · 11:04

ಫಿಶ್‌ಐ ಲೆನ್ಸ್ ಮಾಡೋದು ಅದೇ. ಗೆರೆ ಬಾಗಿದರೆ ಬಾಗಲಿ ಅಂತ ಬಿಟ್ಟುಬಿಡುತ್ತದೆ. 180 ಡಿಗ್ರಿಯನ್ನು ನೇರ ಗೆರೆಯಲ್ಲಿ ಹಿಡಿಯಲು ಹಾಳೆ ಅನಂತ ಉದ್ದ ಬೇಕು. ನೀರೊಳಗಿನ ಮೀನಿಗೆ ಮೇಲಿನ ಲೋಕ ಹೇಗೆ ಕಾಣುತ್ತದೆ ಅಂತ ನೋಡಲು ರಾಬರ್ಟ್ ವುಡ್ ಎಂಬ ವಿಜ್ಞಾನಿ 1906ರಲ್ಲಿ ನೀರು ತುಂಬಿದ ಕ್ಯಾಮೆರಾ ಮಾಡಿದ. ಹೆಸರು ಅಲ್ಲಿಂದ ಬಂತು. ಕೆಟ್ಟ ಲೆನ್ಸ್ ಅಲ್ಲ ಅದು, ಬೇರೆ ಒಪ್ಪಂದ.

ಮದುವೆ ಫೋಟೋಗಾರ · 11:30

ನಮ್ಮ ಕೆಲಸದಲ್ಲಿ ನಿಯಮ ಒಂದೇ. ಅಗಲದ ಲೆನ್ಸ್ ಹಾಕಿದ ದಿನ ತುದಿಯಲ್ಲಿ ಕುಂಡ ನಿಲ್ಲಿಸು, ಕಂಬ ನಿಲ್ಲಿಸು, ವಧುವಿನ ತಾಯಿಯನ್ನು ಮಾತ್ರ ನಿಲ್ಲಿಸಬೇಡ. ಜಾಗ ಇಲ್ಲದಿದ್ದರೆ ಎರಡು ಸಾಲು ಮಾಡು, ಮಕ್ಕಳನ್ನು ಮುಂದೆ ಕೂರಿಸು.

ಸೆಲ್ಫಿ ಮೂಗು ಲೆನ್ಸ್ ದೋಷ ಅಂತ ಬೈಯೋರಿಗೂ ಒಂದು ಮಾತು. ಅದು ದೂರದ ದೋಷ. ಮೂಗಿನ ತುದಿ 30 ಸೆಂ.ಮೀ. ದೂರದಲ್ಲಿದ್ದರೆ ಕಿವಿ 42ರಲ್ಲಿ ಇರುತ್ತದೆ. ಮೂಗು ಕಿವಿಗಿಂತ 1.4 ಪಟ್ಟು ದೊಡ್ಡದಾಗಿ ಬೀಳುತ್ತದೆ. ಒಂದೂವರೆ ಮೀಟರ್ ದೂರ ನಿಂತರೆ 1.08. ಅಷ್ಟೇ ವ್ಯತ್ಯಾಸ.

ರೇಟ್ ಎಷ್ಟು · 12:15

ಡಿಸ್ಟಾರ್ಷನ್ ಇಲ್ಲದ ಲೆನ್ಸ್ 10 ಸಾವಿರದೊಳಗೆ ಯಾವುದಿದೆ ಹೇಳಿ.

ಗುಂಡುಸೂಜಿ · 12:16

50 ಎಂಎಂ ತಗೊಂಡು ರಸ್ತೆ ಅಗಲ ಮಾಡಿಸಿ.

ಹಾಸನದ ಪುಟ್ಟ · ಭಾನುವಾರ ರಾತ್ರಿ 8:50

ಪರೀಕ್ಷೆ ಮುಗಿಯಿತು. ಮೇಸ್ತ್ರಿಯವರೇ ಗುಂಡು ತಂದರು, ಅವರಿಗೆ ಭಾರಿ ಉತ್ಸಾಹ. ಸಜ್ಜಾದ ಎಡತುದಿಯ ಮೊಳೆಗೆ ಕೆಂಪು ದಾರ ಕಟ್ಟಿ, ಗುಂಡನ್ನು ಬಕೆಟ್ಟಿನಲ್ಲಿ ಮುಳುಗಿಸಿದೆವು. ದಾರ ಅಲ್ಲಾಡದೆ ನಿಂತಿತು. 18ರಲ್ಲಿ ತೆಗೆದು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ದಾರ ಪಕ್ಕದ ಕಂಬದ ಜೊತೆಜೊತೆಗೇ ಎಡಕ್ಕೆ ಬಾಗಿತ್ತು! ಭಾವ ಹೊರಗೆ ಹೋಗಿ ದಾರ ನೋಡುತ್ತಾರೆ, ಒಳಗೆ ಬಂದು ಸ್ಕ್ರೀನ್ ನೋಡುತ್ತಾರೆ. ಮೂರು ಸಲ ಓಡಾಡಿದರು. ಸಜ್ಜಾದ ಮೂರು ಫೋಟೋ ತೋರಿಸಿದ ಮೇಲೆ ಮಾತಿಲ್ಲದೆ ಒಳಗೆ ಹೋಗಿ ದುಡ್ಡು ತಂದರು.

ಅಳತೆಯನ್ನೂ ಮಾಡಿದೆ. ಫೋಟೋ 6000 ಅಗಲ, 4000 ಎತ್ತರ. ಸಜ್ಜಾದ ಎರಡು ತುದಿಗೆ ನೇರ ಗೆರೆ ಎಳೆದರೆ ನಡುವೆ 60 ಪಿಕ್ಸೆಲ್ ಉಬ್ಬು. 60 ಭಾಗ 4000, 1.5 ಶೇಕಡಾ. 35ರಲ್ಲಿ ಬರೀ 5 ಪಿಕ್ಸೆಲ್.

ಪ್ರೊ ಕ್ಲಿಕ್ಸ್ · 9:01

ಆ ಲೆನ್ಸಿಗೆ 3 ಶೇಕಡಾ ಅಂತ ರಿವ್ಯೂನಲ್ಲಿ ನೋಡಿದ್ದೇನೆ. ನಿಮ್ಮ ಲೆಕ್ಕ ತಪ್ಪು.

ಹೊಲದ ಹದ್ದು · 9:09

ತಪ್ಪಲ್ಲ. ಕೆಲವರು ಒಂದು ಬದಿಯ ಬಾಗು ಮಾತ್ರ ಎಣಿಸುತ್ತಾರೆ, ಕೆಲವರು ಎದುರು ಬದಿಯದನ್ನೂ ಸೇರಿಸುತ್ತಾರೆ. ಎರಡನೇ ಕ್ರಮದಲ್ಲಿ ಸಂಖ್ಯೆ ಸೀದಾ ಎರಡು ಪಟ್ಟು. ಎರಡು ಕಡೆಯ ಸಂಖ್ಯೆ ಹೋಲಿಸುವ ಮೊದಲು ಯಾವ ಕ್ರಮ ಅಂತ ಕೇಳಿಕೊಳ್ಳಿ.

ಪ್ರೊ ಕ್ಲಿಕ್ಸ್ · 9:12

ಓಕೆ. ಎಫ್8 ಮಾತು ವಾಪಸ್ ತಗೊಂಡೆ.

ಸ್ಟುಡಿಯೋ ಮಾವ · 9:20

ಬಕೆಟ್ ಉಪಾಯ ಚೆನ್ನಾಗಿದೆ. ನಮ್ಮ ಕಾಲದಲ್ಲಿ ಹೊಳೆಯಲಿಲ್ಲ. ಸಾಫ್ಟ್‌ವೇರ್ ಮಾತ್ರ ಇನ್ನೂ ಒಪ್ಪಿಲ್ಲ.

ಮದುವೆ ಫೋಟೋಗಾರ · 9:31

ಅತ್ತೆ?

ಹಾಸನದ ಪುಟ್ಟ · 9:48

ನಡುವೆ ನಿಲ್ಲಿಸಿ ಇನ್ನೊಂದು ತೆಗೆದೆ. ಈಗ ತುದಿಗೆ ಬಂದ ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ.

ಇನ್ನೊಂದು ಹೇಳಬೇಕು. ಅಭ್ಯಾಸಕ್ಕೆ ಅಂತ ನಮ್ಮ ಟೆರೇಸ್ ಹತ್ತಿ ಎದುರು ಮನೆಯನ್ನೂ 35ರಲ್ಲಿ ತೆಗೆದೆ. ಅವರ ಸಜ್ಜಾವನ್ನು ಮೇಲಂಚಿಗೆ ಇಟ್ಟರೂ, ನಡುವಿಗೆ ತಂದರೂ, ಕೆಳಗೆ ಇಟ್ಟರೂ ಒಂದೇ ಕಡೆ ಜೋತು ಬಿದ್ದಿದೆ. ಮೇಸ್ತ್ರಿಗೆ ತೋರಿಸಿದೆ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. "ಅದು ನಾನು ಕಟ್ಟಿದ್ದಲ್ಲ" ಅಂದರು.